ಬಿದ್ದ ಮುಂಚೆ, ಬೀಳುವ ಮೇಲೆ

ಟೀ ಲೋಟ ಹಿಡಿದು ಕ್ಯಾಂಟೀನಿನ ಸಾಲಿನಲ್ಲಿ ಸುಮ್ಮನೆ ನಿಂತಿದ್ದರೆ ಆ ದಿನವೂ ನೆರಳಪ್ಪನ ಉಳಿದ ದಿನಗಳ ಹಾಗೆ ಆಕಳಿಕೆಯಲ್ಲಿ ಹುಟ್ಟಿ ಆಕಳಿಕೆಯಲ್ಲೇ ಮುಗಿದುಹೋಗುತ್ತಿತ್ತು. ಆದರೆ ಇರಲಾರದವನು ಇರುವೆ ಬಿಟ್ಟುಕೊಂಡ ಹಾಗೆ ಅವನು ಬಾಯಿ ಬಿಟ್ಟ. ಬಿಟ್ಟದ್ದೂ ಪರ್ಶಿಯನ್ ಭಾಷೆಯಲ್ಲಿ.

"ಗಬ್ಲ್ ಅಜ್ ಈಂಕೆ... ಬಾದ್ ಅಜ್ ಈಂಕೆ... ಗಬ್ಲ್ ಅಜ್ ಈಂಕೆ..."

ಅವನ ಹಿಂದೆಯೇ ನಿಂತಿದ್ದವರು ದೊಡ್ಡ ಸಿಸ್ಟರ್. ಆಸ್ಪತ್ರೆಯಲ್ಲಿ ಸೂಜಿ ಬಿದ್ದರೂ ಯಾವ ವಾರ್ಡಿನ ಸೂಜಿ ಎಂದು ಹೇಳಬಲ್ಲ ಕಿವಿ ಅವರದು.

"ಏನ್ರೀ ಅದು ಗಬಗಬ ಅಂತಿದೀರಿ? ಹೊಟ್ಟೆ ಸರಿ ಇಲ್ವಾ?"

"ಪಾಠ ಸಿಸ್ಟರ್. ಪರ್ಶಿಯನ್ ಕಲೀತಿದೀನಿ."

"ಅಯ್ಯೋ ದೇವರೇ! ನೀವಾ? ಮಾತಾಡೋಕೆ ಬರುತ್ತಾ?"

ಅದಕ್ಕೆ ಮುಂಚೆ ದೊಡ್ಡ ಸಿಸ್ಟರ್ ನೆರಳಪ್ಪನನ್ನು ಕಣ್ಣರಳಿಸಿ ನೋಡಿದ್ದೇ ಇಲ್ಲ. ಯಾರೂ ನೋಡಿರಲಿಲ್ಲ. ಅವನ ನಿಜವಾದ ಹೆಸರು ಹಾಜರಿ ಹಾಕುವವನಿಗೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ. ಎಕ್ಸರೇ ಕೋಣೆಯಲ್ಲಿ ಜನರ ಎಲುಬಿನ ನೆರಳು ಹಿಡಿಯುವ ಕೆಲಸ, ಗೋಡೆಯಂಚಿಗೇ ನಡೆಯುವ ಸ್ವಭಾವ, ಹೀಗಾಗಿ ನೆರಳಪ್ಪ ಎಂಬ ಅಡ್ಡಹೆಸರೇ ಅಂಟಿಕೊಂಡಿತ್ತು. ಅಂಥವನನ್ನು ಇಡೀ ಕ್ಯಾಂಟೀನು ತಿರುಗಿ ನೋಡುತ್ತಿರುವಾಗ ನಿಜ ಹೇಳಲು ನಾಲಿಗೆ ಹೊರಳಲಿಲ್ಲ.

"ಬರುತ್ತೆ ಸಿಸ್ಟರ್," ಎಂದ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಚೆನ್ನಾಗೇ ಬರುತ್ತೆ," ಎಂದೂ ಸೇರಿಸಿದ.

ನಿಜ ಏನೆಂದರೆ, ಈಚೆಗೆ ಅವನಿಗೆ ಮರೆವು ಹೆಚ್ಚಾಗಿತ್ತು. ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಓಡಿಬರುತ್ತಿದ್ದ; ಬಂದು ನೋಡಿದರೆ ಬೀಗ ಹಾಕಿರುತ್ತಿತ್ತು, ಒಳಗೆ ಹೆಂಡತಿ ಇರುತ್ತಿದ್ದಳು. ಆಮೇಲಿನ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರು, "ಹೊಸ ಭಾಷೆ ಕಲೀರಿ, ಮೆದುಳಿಗೆ ಕೀಲೆಣ್ಣೆ ಬಿಟ್ಟ ಹಾಗಿರುತ್ತೆ," ಎಂದು ಬೋಧಿಸಿದ್ದರು. ಸಂಜೆ ಶಾಲೆಯಲ್ಲಿ ಉಳಿದೆಲ್ಲ ಭಾಷೆಗಳ ತರಗತಿಗಳು ತುಂಬಿದ್ದವು. ಖಾಲಿಯಿದ್ದದ್ದು ಪರ್ಶಿಯನ್ ಒಂದೇ. "ಇರೋ ಭಾಷೇಲೇ ಮನೇಲಿ ಬಾಯಿ ಬಿಡಲ್ಲ, ಇನ್ನೊಂದು ಯಾವ ಸುಖಕ್ಕೆ?" ಎಂದಳು ಹೆಂಡತಿ. ಅವಳ ಮಾತು ಕೇಳಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಮೊದಮೊದಲು ಗಾಡಿ ಚೆನ್ನಾಗಿಯೇ ಓಡಿತು. ಇದು ಬಾಗಿಲು, ಅದು ಕಿಟಕಿ, ನನ್ನ ತಂಗಿ ಚಿಕ್ಕವಳು, ಇಂಥವೆಲ್ಲ ನಾಲಿಗೆಗೆ ಕೂತವು. ನಡೆದುಹೋದ ಎರಡು ಸಂಗತಿಗಳನ್ನು ಒಂದಕ್ಕೊಂದು ಗಂಟುಹಾಕುವ ಪಾಠ ಬಂದಾಗ ಗಾಡಿ ಕೆಸರಿನಲ್ಲಿ ಹೂತುಕೊಂಡಿತು. ಅವನು ಬಂದಾಗ, ನಾನು ಹೋದ ಮೇಲೆ, ಅವಳು ಕೂರುವ ಮುಂಚೆ, ಬಾಗಿಲು ತೆಗೆದ ತಕ್ಷಣ. "ವಗ್ತೀಕೆ" ಎಂದರೆ ಆದಾಗ. "ಹಮೀನ್‌ಕೆ" ಎಂದರೆ ತಕ್ಷಣ. "ಬಾದ್ ಅಜ್ ಈಂಕೆ" ಎಂದರೆ ಆದ ಮೇಲೆ. "ಗಬ್ಲ್ ಅಜ್ ಈಂಕೆ" ಎಂದರೆ ಆಗುವ ಮುಂಚೆ. ಕೊನೆಯ ಎರಡು ಅವನ ತಲೆಯಲ್ಲಿ ಅವಳಿ ಮಕ್ಕಳ ಹಾಗೆ ಅದಲುಬದಲಾಗುತ್ತಿದ್ದವು. ನೆನಪಿಗೆಂದು ಒಂದು ಉಪಾಯ ಹೂಡಿದ: ತಿಂದ ಮೇಲೆ ಹೊಟ್ಟೆಗೆ ಬಾಧೆ, ಆದ್ದರಿಂದ ಬಾದ್ ಎಂದರೆ ಮೇಲೆ. ಎರಡು ದಿನ ಚೆನ್ನಾಗಿತ್ತು. ಮೂರನೆಯ ದಿನ, ತಿನ್ನುವ ಮುಂಚೆ ಹಸಿವಿನ ಬಾಧೆಯೂ ಇರುತ್ತದಲ್ಲ ಎಂದು ಹೊಳೆದು ಉಪಾಯವೇ ಕುಸಿದುಬಿತ್ತು.

ಆ ಟೀ ಇನ್ನೂ ಅರ್ಧ ಲೋಟ ಉಳಿದಿರುವಾಗಲೇ ಮುಂದಿನ ಹಜಾರದಲ್ಲಿ ಗದ್ದಲವೆದ್ದಿತು.

ಹಜಾರದ ಬೆಂಚಿನಡಿ ಯಾರೋ ಹಿರಿಯರು ಬೋರಲು ಬಿದ್ದಿದ್ದರು. ಕಾಲೆರಡು ಮಾತ್ರ ಹೊರಗೆ ಕಾಣುತ್ತಿದ್ದವು. ಸ್ಟ್ರೆಚರ್ ತಳ್ಳುವವನು, "ಯಜಮಾನ್ರೇ! ಯಜಮಾನ್ರೇ!" ಎಂದು ಎರಡು ಸಲ ಕೂಗಿ, ಉತ್ತರ ಬಾರದ್ದರಿಂದ ಎರಡೂ ಪಾದ ಹಿಡಿದು ಸರ್ರನೆ ಎಳೆದ. ಒಳ್ಳೆಯ ಕೋಟು ತೊಟ್ಟ, ಬೆಳ್ಳಗಿನ ಗಡ್ಡದ ಮುದುಕರು ಹೊರಗೆ ಬಂದರು. ಅವರು ಕಣ್ಣು ಬಿಡುತ್ತಿದ್ದರು, ಬಾಯಿಯನ್ನೂ ಬಿಡುತ್ತಿದ್ದರು. ಆದರೆ ಆ ಬಾಯಿಂದ ಬಂದ ಮಾತು ಒಬ್ಬರಿಗೂ ತಿಳಿಯಲಿಲ್ಲ. ಎದ್ದು ನಿಲ್ಲುವ ಮೊದಲೇ ಅವರನ್ನು ಸ್ಟ್ರೆಚರ್ ಮೇಲೆ ಮಲಗಿಸಿ ಬೆಲ್ಟು ಬಿಗಿದಾಗಿತ್ತು.

ದೊಡ್ಡ ಸಿಸ್ಟರ್ ಓಡಿಬಂದು ಕಿವಿ ಕೊಟ್ಟರು. ಕೊಟ್ಟವರೇ ಚಪ್ಪಾಳೆ ತಟ್ಟಿದರು.

"ಈಂಕೆ ಈಂಕೆ ಅಂತಿದಾರೆ! ಇದು ನಮ್ಮ ನೆರಳಪ್ಪನ ಭಾಷೆ! ಕರೀರಿ ಅವರನ್ನ!"

ಕರೆಯಬೇಕಾಗಿರಲಿಲ್ಲ. ಕ್ಯಾಂಟೀನಿನವರು ಆಗಲೇ ಅವನನ್ನು ಮದುವೆ ಗಂಡಿನ ಹಾಗೆ ಮುಂದಕ್ಕೆ ತಳ್ಳಿಕೊಂಡು ಬರುತ್ತಿದ್ದರು.

ತುರ್ತು ಚಿಕಿತ್ಸೆಯ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಮಾತಿನಲ್ಲಿ ಚುರುಕು. "ನೋಡಿ, ನನಗೆ ಒಂದೇ ಒಂದು ವಿಷಯ ಬೇಕು," ಎಂದಳು. "ಇವರು ಎಚ್ಚರ ತಪ್ಪಿದ್ದು ಬೀಳೋ ಮುಂಚೆನಾ, ಬಿದ್ದ ಮೇಲಾ? ಮುಂಚೆ ಆದ್ರೆ ಹೃದಯದ ಕಡೆ ಕಳಿಸ್ಬೇಕು. ಬಿದ್ದ ಮೇಲೆ ಆದ್ರೆ ತಲೆಗೆ ಪೆಟ್ಟಾಗಿರುತ್ತೆ. ಎರಡೂ ಜೀವಕ್ಕೆ ಕುತ್ತು. ತಪ್ಪು ಕಡೆ ಕಳಿಸಿದ್ರೆ ಹೊತ್ತು ಹಾಳು, ಮನುಷ್ಯನೂ ಹಾಳು. ಕೇಳಿ ಬೇಗ."

ಜಗತ್ತಿನಲ್ಲಿ ಇಷ್ಟೊಂದು ಪ್ರಶ್ನೆಗಳಿವೆ. ಹೆಸರೇನು, ಊರು ಯಾವುದು, ಕಿಟಕಿ ಎಲ್ಲಿದೆ, ತಂಗಿ ಚಿಕ್ಕವಳೋ ದೊಡ್ಡವಳೋ, ಯಾವುದನ್ನು ಬೇಕಾದರೂ ಕೇಳಬಹುದಿತ್ತು. ದೇವರು ಹುಡುಕಿ ಹುಡುಕಿ ಇದನ್ನೇ ಕೇಳಿಸಿದ್ದ.

ಅಷ್ಟರಲ್ಲಿ ಮುದುಕರೇ ಬೆಂಚಿನ ಕಡೆ ಕೈತೋರಿಸಿ ಏನೋ ಹೇಳಿದರು. "ವಗ್ತೀಕೆ ಖೋದ್ಕಾರಮ್ ಒಫ್ತಾದ್..." ಮುಂದಿನದು ರೈಲಿನಂತೆ ಓಡಿಹೋಯಿತು. ನೆರಳಪ್ಪ ಸಿಕ್ಕ ಡಬ್ಬಿಗಳನ್ನಷ್ಟೇ ಹಿಡಿದುಕೊಂಡ. ಖೋದ್ ಎಂದರೆ ತಾನು. ಒಫ್ತಾದ್ ಎಂದರೆ ಬಿದ್ದದ್ದು.

"ತಾನಾಗೇ ಬಿದ್ದರಂತೆ ಡಾಕ್ಟ್ರೇ. ಯಾರೂ ತಳ್ಳಿಲ್ಲವಂತೆ."

"ಶಭಾಷ್! ಈಗ ಮುಖ್ಯವಾದದ್ದು ಕೇಳಿ."

ನೆರಳಪ್ಪ ಒಂದೊಂದೇ ಪದವನ್ನು ಬಾವಿಯಿಂದ ಸೇದಿದ ಹಾಗೆ ಸೇದಿದ. "ಬಾದ್ ಅಜ್ ಈಂಕೆ ಒಫ್ತಾದೀದ್... ಬೀಹೂಶ್ ಶೊದೀದ್? ಯಾ... ಗಬ್ಲ್ ಅಜ್ ಈಂಕೆ ಒಫ್ತಾದೀದ್?"

ಮುದುಕರ ಮುಖ ಹಲ್ಲಿನ ನಡುವೆ ಕಲ್ಲು ಸಿಕ್ಕಿದಂತಾಯಿತು. ಬೆಲ್ಟಿನ ಕೆಳಗಿಂದಲೇ ಒಂದು ಬೆರಳು ಮೇಲಕ್ಕೆತ್ತಿ, ಒಂದೊಂದು ಅಕ್ಷರವನ್ನೂ ಒತ್ತಿ ಹೇಳಿದರು: "ಗಬ್ಲ್ ಅಜ್ ಈಂಕೆ... ಬಿಯೊಫ್ತೀದ್! ಬಿ-ಯೊಫ್-ತೀದ್!"

"ಗಬ್ಲ್ ಅಂತಾರೆ. ಮುಂಚೆ. ಬೀಳೋ ಮುಂಚೇನೇ ಎಚ್ಚರ ತಪ್ಪಿತಂತೆ."

"ಹೃದಯ!" ಎಂದಳು ಡಾಕ್ಟರಮ್ಮ. ಸ್ಟ್ರೆಚರ್ ಹಾರಿತು.

ಹೃದಯದ ಡಾಕ್ಟರು ದಪ್ಪಗೆ, ನಿಧಾನಕ್ಕೆ, ತಮ್ಮ ಹೃದಯಕ್ಕೆ ತೊಂದರೆಯಾಗದ ಹಾಗೆ ನಡೆಯುವವರು. ಮುದುಕರ ಎದೆಗೆ ತಂತಿಗಳನ್ನು ಅಂಟಿಸಿ, ಮೆಷಿನ್ನಿನಿಂದ ಹೊರಬಂದ ಪಟ್ಟಿಯನ್ನು ಮುಂದಿಂದಲೂ ಹಿಂದಿಂದಲೂ ನೋಡಿದರು. ರಕ್ತ ತೆಗೆಸಿದರು. ನಾಡಿ ಹಿಡಿದರು. ಕೊನೆಗೆ ನೆರಳಪ್ಪನ ಕಡೆ ತಿರುಗಿದರು.

"ಇವರ ಹೃದಯ ಇಪ್ಪತ್ತರ ಹುಡುಗನ ಥರ ಇದೆ ಕಣಯ್ಯ. ನನ್ನದಕ್ಕಿಂತ ಚೆನ್ನಾಗಿದೆ. ನೀನು ಸರಿಯಾಗಿ ಕೇಳಿದೀಯ ತಾನೆ?"

"ಕೇಳಿದೀನಿ ಸಾರ್. ಗಬ್ಲ್ ಅಂತಲೇ ಅಂದ್ರು."

"ಇನ್ನೊಂದ್ಸಲ ಕೇಳು."

ನೆರಳಪ್ಪ ಯೋಚಿಸಿದ. ಮುದುಕರು 'ಒಫ್ತಾದೀದ್' ಎನ್ನದೆ 'ಬಿಯೊಫ್ತೀದ್' ಎಂದಿದ್ದರು. ಅವರ ಕಡೆ ಹಾಗೇ ಅನ್ನುತ್ತಾರೇನೋ. ರೋಗಿಯ ಭಾಷೆಯಲ್ಲೇ ಕೇಳಿದರೆ ರೋಗಿಗೆ ಹಿತ. ಹೊಸ ಪದವನ್ನು ಎರಡೂ ಕಡೆ ಅಂಟಿಸಿ ಕೇಳಿದ: "ಗಬ್ಲ್ ಅಜ್ ಈಂಕೆ ಬಿಯೊಫ್ತೀದ್? ಯಾ ಬಾದ್ ಅಜ್ ಈಂಕೆ ಬಿಯೊಫ್ತೀದ್?"

ಮೊದಲರ್ಧಕ್ಕೆ ಮುದುಕರು ಮುಗುಳ್ನಕ್ಕು ತಲೆದೂಗಿದರು. ಎರಡನೆಯರ್ಧ ಕೇಳುತ್ತಲೇ ಎದೆಯ ತಂತಿಗಳು ಕಿತ್ತುಬರುವ ಹಾಗೆ ಎದ್ದು ಕೂತರು. "ನ! ನ! ಬಾದ್ ಅಜ್ ಈಂಕೆ ಒಫ್ತಾದೀದ್! ಒಫ್ತಾದೀದ್! ಬಾದ್!" ಎಂದು ಮಂಚವನ್ನು ಗುದ್ದಿದರು.

"ಏನಂತಾರೆ?"

"ಬಾದ್ ಅಂತಾರೆ ಸಾರ್... ಅಂದ್ರೆ ಬಿದ್ದ ಮೇಲೆ."

"ಈಗ ಮುಂಚೆ ಅಂದಿದ್ರು!"

"ಈಗ ಅಲ್ಲ ಅಂತಿದಾರೆ. ತುಂಬ ಖಂಡಿತವಾಗಿ ಅಂತಿದಾರೆ. ಮಂಚ ಗುದ್ದಿದ್ದು ನೋಡಿದ್ರಲ್ಲ."

"ಮಾತು ಬದಲಾಗ್ತಿದೆ, ಸಿಟ್ಟು ಬರ್ತಿದೆ," ಎಂದು ಹೃದಯದ ಡಾಕ್ಟರು ದನಿ ತಗ್ಗಿಸಿದರು. "ಇದು ತಲೆಯದೇ. ನಡೀರಿ, ನಡೀರಿ, ಒಳಗೆ ರಕ್ತ ಸೋರ್ತಾ ಇರಬಹುದು!"

ಸ್ಟ್ರೆಚರ್ ಮತ್ತೆ ಹಾರಿತು. ಅದರ ಹಿಂದೆ ನೆರಳಪ್ಪ, ಅವನ ಹಿಂದೆ ದೊಡ್ಡ ಸಿಸ್ಟರ್, ಅವರ ಹಿಂದೆ ಕೆಲಸವಿಲ್ಲದವರು, ಅವರ ಹಿಂದೆ ಕೆಲಸ ಬಿಟ್ಟುಬಂದವರು. ಲಿಫ್ಟಿನ ಬಾಗಿಲಲ್ಲಿ ಸೂಪರಿಂಟೆಂಡೆಂಟ್ ಸಾಹೇಬರೂ ಸೇರಿಕೊಂಡರು. ಹೊರಗಿನ ದೇಶದವರೊಬ್ಬರು ಆಸ್ಪತ್ರೆಯ ಬೆಂಚಿನಡಿಯೇ ಬಿದ್ದಿದ್ದಾರೆ ಎಂಬ ಸುದ್ದಿ ಕೇಳಿ ತಮ್ಮ ಕೋಣೆಯ ಮುಂದೆ ಕಾಯುತ್ತಿದ್ದವರನ್ನೆಲ್ಲ ಹಾಗೆಯೇ ಬಿಟ್ಟು ಓಡಿಬಂದಿದ್ದರು.

"ನೆರಳಪ್ಪ, ನಿನ್ನ ಒಂದೊಂದು ಮಾತಿನ ಮೇಲೂ ಇಡೀ ಆಸ್ಪತ್ರೆ ಓಡ್ತಿದೆ ಕಣೋ," ಎಂದು ಹೆಗಲ ಮೇಲೆ ಕೈಯಿಟ್ಟರು.

ಅದೇ ಅವನ ಎದೆಯನ್ನು ಹಿಂಡುತ್ತಿತ್ತು. "ಸಾರ್, ಒಂದು ಮಾತು," ಎಂದು ಅವರನ್ನು ಪಕ್ಕಕ್ಕೆ ಕರೆದ. "ನಿಜ ಹೇಳ್ತೀನಿ. ನನಗೆ ಪರ್ಶಿಯನ್ ಬರಲ್ಲ."

ಸೂಪರಿಂಟೆಂಡೆಂಟರು ನಕ್ಕರು. "ವಿನಯ ಒಳ್ಳೇದೇ. ಆದ್ರೆ ಇದು ವಿನಯದ ಹೊತ್ತಲ್ಲ."

"ಬಲ್ಲವರು ಹೀಗೇ ಸಾರ್," ಎಂದರು ದೊಡ್ಡ ಸಿಸ್ಟರ್. "ತುಂಬಿದ ಕೊಡ ತುಳುಕಲ್ಲ."

"ಸಿಸ್ಟರ್, ಇದು ಖಾಲಿ ಕೊಡ ಸಿಸ್ಟರ್!"

"ನೋಡಿ ಸಾರ್, ಎಷ್ಟು ಚೆನ್ನಾಗಿ ಹೇಳ್ತಾರೆ."

ತಲೆಯ ಸ್ಕ್ಯಾನು ಆಯಿತು. ಕುತ್ತಿಗೆಯ ಎಕ್ಸರೇ ನೆರಳಪ್ಪನೇ ತೆಗೆಯಬೇಕಾಯಿತು. ಬಾಗಿಲು ಮುಚ್ಚಿ, ಆ ಅರೆಗತ್ತಲೆಯ ಕೋಣೆಯಲ್ಲಿ ಅವನೂ ಮುದುಕರೂ ಇಬ್ಬರೇ ಉಳಿದರು. ಅವರ ಗಲ್ಲವನ್ನು ಮೆಲ್ಲಗೆ ಎತ್ತಿ ಹಿಡಿದ. ನನ್ನ ಒಂದು ಪದದಿಂದ ಈ ಮನುಷ್ಯ ಸತ್ತರೆ? ಸತ್ತ ಮೇಲೆ ತಿಳಿದು ಏನು ಫಲ? ಅವನ ಬದುಕೇ ಹೀಗೆ ಹಿಂದುಮುಂದಾಗಿತ್ತು. ಕೊಡೆ ಕಳೆದ ಮೇಲೆ ಮಳೆ ಬರುತ್ತಿತ್ತು. ಬಡ್ತಿಯ ಪಟ್ಟಿ ಮುಚ್ಚಿದ ಮೇಲೆ ಅವನ ಅರ್ಜಿ ತಲುಪುತ್ತಿತ್ತು. ಅಮ್ಮನನ್ನು ಕೇಳಬೇಕೆಂದುಕೊಂಡಿದ್ದ ಮಾತುಗಳೆಲ್ಲ ಅಮ್ಮ ಹೋದ ಮೇಲೆ ನೆನಪಾಗಿದ್ದವು. ಈಗ ಎರಡು ಪದಗಳು ಅದನ್ನೇ ಎದುರು ನಿಂತು ಅಣಕಿಸುತ್ತಿದ್ದವು.

ಮುದುಕರು ಅವನ ಮುಖವನ್ನೇ ಕನಿಕರದಿಂದ ನೋಡುತ್ತಿದ್ದರು. "ಚೀಜೀಮ್ ನೀಸ್ತ್," ಎಂದು ಮೆಲ್ಲಗೆ ಅಂದರು.

ನೀಸ್ತ್ ಎಂದರೆ ಇಲ್ಲ. ಚೀಜ್ ಎಂದರೆ ವಸ್ತು. ಹೊರಗೆ ಬಂದು ವರದಿ ಒಪ್ಪಿಸಿದ: "ಏನೋ ಒಂದು ಇಲ್ಲ ಅಂತಿದಾರೆ ಸಾರ್."

"ಏನಿಲ್ಲ? ನೆನಪಿಲ್ವಾ? ಕಣ್ಣು ಕಾಣ್ತಿಲ್ವಾ?"

"ಅದು ಹೇಳ್ಲಿಲ್ಲ. ಏನೋ ಒಂದು."

ತಲೆಯ ಡಾಕ್ಟರು ಕಡ್ಡಿಯಂಥ ಮನುಷ್ಯ. ಸ್ಕ್ಯಾನನ್ನು ಬೆಳಕಿಗೆ ಹಿಡಿದು ಹುಬ್ಬು ಗಂಟಿಕ್ಕಿದರು. "ತಲೆ ಒಳಗೆ ಏನೂ ಇಲ್ಲ," ಎಂದವರು ಎಲ್ಲರೂ ಗಾಬರಿಯಾದದ್ದನ್ನು ಕಂಡು, "ಅಂದ್ರೆ ತೊಂದರೆ ಏನೂ ಇಲ್ಲ," ಎಂದು ತಿದ್ದಿಕೊಂಡರು. "ಹೃದಯಾನೂ ಅಲ್ಲ, ತಲೇನೂ ಅಲ್ಲ ಅಂದ್ರೆ... ಎರಡೂ ಒಟ್ಟಿಗೇ ಆಗಿರಬಹುದಾ? ಬಿದ್ದ ತಕ್ಷಣ? ಕೇಳಿ ನೋಡಿ."

ತಕ್ಷಣ! ನೆರಳಪ್ಪನಿಗೆ ಮುಳುಗುವವನಿಗೆ ಕಟ್ಟಿಗೆ ತುಂಡು ಸಿಕ್ಕಂತಾಯಿತು. ಅದಕ್ಕೆ ಬೇರೆಯೇ ಪದವಿತ್ತು, ಮುಂಚೆ-ಮೇಲೆ ಎಂಬ ರಗಳೆ ಇರಲಿಲ್ಲ. ಕಣ್ಣು ಮುಚ್ಚಿ, ಕೈಮುಗಿದು ಹೇಳಿದ: "ಹಮೀನ್‌ಕೆ ಒಫ್ತಾದೀದ್, ಬೀಹೂಶ್ ಶೊದೀದ್?"

ಮುದುಕರ ಮುಖದಲ್ಲಿ ಬೆಳಗಾಯಿತು. ಬೆಲ್ಟು ಬಿಡಿಸಿದ್ದ ಎರಡೂ ಕೈಗಳನ್ನು ಮೇಲಕ್ಕೆತ್ತಿ, "ಆಫರೀನ್!" ಎಂದರು. "ಆಫರೀನ್! ಆಫರೀನ್!"



"ಆಫರೀನ್?" ಎಂದರು ತಲೆಯ ಡಾಕ್ಟರು. "ಅದೇನದು?"

ಆ ಪದ ತರಗತಿಯಲ್ಲಿ ನೆರಳಪ್ಪನ ಪಾಲಿಗೆ ಒಮ್ಮೆಯೂ ಬಂದಿರಲಿಲ್ಲ. "ಗೊತ್ತಿಲ್ಲ ಸಾರ್."

"ಆಸ್ಪಿರಿನ್ ಥರ ಇದೆ," ಎಂದರು ಹೃದಯದ ಡಾಕ್ಟರು.

"ಮಾತ್ರೆ!" ಎಂದು ದೊಡ್ಡ ಸಿಸ್ಟರ್ ಎದೆಯ ಮೇಲೆ ಕೈಯಿಟ್ಟುಕೊಂಡರು. "ಮೂರು ಸಲ ಅಂದ್ರು! ಮೂರು ಮಾತ್ರೆ ನುಂಗಿದಾರೆ!"

ಔಷಧದ ಅಂಗಡಿಗೆ ಫೋನು ಹೋಯಿತು. ಆಫರೀನ್ ಎಂಬ ಮಾತ್ರೆ ತಮ್ಮಲ್ಲಿಲ್ಲ, ಎಲ್ಲೂ ಕೇಳಿಲ್ಲ ಎಂದು ಉತ್ತರ ಬಂತು. ಅದರಿಂದ ಭಯ ಕಡಿಮೆಯಾಗುವ ಬದಲು ದುಪ್ಪಟ್ಟಾಯಿತು. ಯಾರಿಗೂ ಗೊತ್ತಿಲ್ಲದ ಮಾತ್ರೆಗೆ ಯಾರಿಗೆ ತಾನೇ ಮದ್ದು ಗೊತ್ತಿರುತ್ತದೆ? "ಹೊಟ್ಟೆ ತೊಳೀಬೇಕು, ಈಗಲೇ," ಎಂದು ಇಬ್ಬರೂ ಡಾಕ್ಟರು ಆ ದಿನದಲ್ಲಿ ಮೊದಲ ಬಾರಿಗೆ ಒಂದೇ ಮಾತು ಆಡಿದರು.

"ಸಾರ್, ಅವರು ನಗ್ತಾ ಇದಾರೆ ಸಾರ್," ಎಂದ ನೆರಳಪ್ಪ, ಅಳುವ ದನಿಯಲ್ಲಿ. "ವಿಷ ತಗೊಂಡವರು ನಗ್ತಾರಾ?"

"ಅದೇ ಲಕ್ಷಣ ಕಣಯ್ಯ!"

ಬಕೆಟ್ಟು ಬಂತು. ಆಲಿಕೆ ಬಂತು. ಹೆಬ್ಬೆರಳು ಗಾತ್ರದ ರಬ್ಬರು ಕೊಳವೆ ಬಂತು. ದೊಡ್ಡ ಸಿಸ್ಟರ್ ತೋಳು ಮಡಚಿದರು. ಬೆಳಗಿನಿಂದ ಎಲ್ಲದಕ್ಕೂ ಮೈಯೊಡ್ಡಿದ್ದ ಮುದುಕರು ಆ ಕೊಳವೆಯನ್ನೂ ತಮ್ಮ ಬಾಯಿಯನ್ನೂ ಮನಸ್ಸಿನಲ್ಲೇ ಅಳೆದು ನೋಡಿ ಒಂದು ಕೂಗು ಹಾಕಿದರು. ಆ ಕೂಗಿಗೆ ಯಾವ ಭಾಷೆಯೂ ಬೇಕಿರಲಿಲ್ಲ. ಅದು ಕಾರಿಡಾರು ದಾಟಿ, ಮೆಟ್ಟಿಲಿಳಿದು, ಆಡಳಿತದ ಕೋಣೆಗಳವರೆಗೂ ಹೋಯಿತು.

ನೆರಳಪ್ಪ ಹೋಗಿ ಕೊಳವೆಗೂ ಮುದುಕರಿಗೂ ನಡುವೆ ನಿಂತ. ಯಾಕೆ ನಿಂತೆ ಎಂದು ಅವನಿಗೇ ತಿಳಿಯದು. "ಬೇಡ ಸಿಸ್ಟರ್," ಎಂದ. "ನಾನು ಕೇಳಿದ್ದೆಲ್ಲ ತಪ್ಪಿರಬಹುದು. ಬೇಕಿದ್ರೆ ನನ್ನ ಹೊಟ್ಟೆ ತೊಳೀರಿ."

"ಪಕ್ಕಕ್ಕೆ ಬನ್ನಿ ನೆರಳಪ್ಪ, ಜೀವದ ಪ್ರಶ್ನೆ!"

ಆಗಲೇ ಬಾಗಿಲು ದೂಡಿಕೊಂಡು ಒಬ್ಬ ಹೆಂಗಸು ಒಳಗೆ ನುಗ್ಗಿದಳು. ಮೂವತ್ತರ ಆಚೀಚಿನ ವಯಸ್ಸು, ಇಸ್ತ್ರಿ ಮಾಡಿದ ಬಟ್ಟೆ, ಕೈಯಲ್ಲೊಂದು ನೀಲಿ ಪೆನ್ನು. ಮುದುಕರು ಅವಳನ್ನು ಕಂಡು ಮಗುವಿನ ಹಾಗೆ ಕೈ ಚಾಚಿದರು. ಇಬ್ಬರ ನಡುವೆ ಪರ್ಶಿಯನ್ ಹರಿಯಿತು. ಅವಳ ಮುಖ ಮೊದಲು ಬಿಳುಪಾಯಿತು, ಆಮೇಲೆ ಕೆಂಪಾಯಿತು, ಆಮೇಲೆ ತಿರುಗಿ ಎಲ್ಲರನ್ನೂ ಒಂದು ಸುತ್ತು ನೋಡಿತು.

"ನಮ್ಮಪ್ಪನಿಗೆ ಏನು ಮಾಡ್ತಿದೀರಿ ನೀವು?" ಎಂದಳು. ಅವಳ ಮಾತು ಅಲ್ಲಿದ್ದವರ ಮಾತಿಗಿಂತ ಸ್ವಚ್ಛವಾಗಿತ್ತು.

"ಬಿದ್ದು ಎಚ್ಚರ ತಪ್ಪಿದ್ರಮ್ಮ," ಎಂದರು ಸೂಪರಿಂಟೆಂಡೆಂಟರು.

"ಯಾರು ಬಿದ್ದದ್ದು? ಬಿದ್ದದ್ದು ಪೆನ್ನು! ಖೋದ್ಕಾರ್ ಅಂದ್ರೆ ಪೆನ್ನು. ಬೆಂಚಿನಡಿ ಹೋಯ್ತು ಅಂತ ಬಗ್ಗಿ ಹುಡುಕ್ತಿದ್ರಂತೆ. ಯಾರೋ ಕಾಲು ಹಿಡಿದು ಎಳೆದ್ರಂತೆ. 'ಚೀಜೀಮ್ ನೀಸ್ತ್', ನನಗೇನೂ ಆಗಿಲ್ಲ ಅಂತಲೂ ಹೇಳಿದ್ರಂತೆ. ಪೆನ್ನು ಇಗೋ ಇಲ್ಲಿದೆ, ಬೆಂಚಿನಡಿ ನನಗೆ ಸಿಕ್ತು."

ಸ್ಟ್ರೆಚರ್ ತಳ್ಳುವವನು ಸದ್ದಿಲ್ಲದೆ ಬಾಗಿಲಾಚೆ ಕರಗಿಹೋದ.

"ಮತ್ತೆ ಮುಂಚೆ ಅಂದ್ರಲ್ಲ," ಎಂದಳು ಎಲ್ಲಿಂದಲೋ ಬಂದಿದ್ದ ತುರ್ತು ಚಿಕಿತ್ಸೆಯ ಡಾಕ್ಟರಮ್ಮ.

"ಆಮೇಲೆ ಮೇಲೆ ಅಂದ್ರಲ್ಲ," ಎಂದರು ಹೃದಯದ ಡಾಕ್ಟರು.

ಮಗಳು ಅಪ್ಪನನ್ನು ಕೇಳಿದಳು. ಅಪ್ಪ ನೆರಳಪ್ಪನನ್ನು ತೋರಿಸಿ, ಬೆರಳು ಆಡಿಸಿ, ಉದ್ದಕ್ಕೆ ವಿವರಿಸಿದರು. ಅವಳ ಕೋಪದ ನಡುವೆಯೂ ತುಟಿಯ ಅಂಚು ಅಲುಗಿತು.

"ಅಪ್ಪ ಬದುಕಿಡೀ ಶಾಲೆಯಲ್ಲಿ ವ್ಯಾಕರಣ ಹೇಳಿಕೊಟ್ಟವರು. ಇವರು ತಪ್ಪು ಹೇಳಿದಾಗೆಲ್ಲ ತಿದ್ದಿದಾರೆ ಅಷ್ಟೆ. 'ಗಬ್ಲ್' ಅಂದ ಮೇಲೆ, ನಡೆದುಹೋದದ್ದೇ ಆದ್ರೂ, ಕ್ರಿಯಾಪದದ ರೂಪ ಬದಲಾಗ್ಬೇಕು. 'ಬಾದ್' ಅಂದ್ರೆ ಬದಲಾಗಬಾರದು. ನಿಮ್ಮಲ್ಲೂ ಹಾಗೇ ತಾನೆ? 'ಬಿದ್ದ ಮೇಲೆ' ಅಂತೀರಿ. 'ಬಿದ್ದ ಮುಂಚೆ' ಅಂತೀರಾ? 'ಬೀಳೋ ಮುಂಚೆ' ಅಂತೀರಿ. ಇವರು ಮೊದಲ ಸಲ 'ಬಿದ್ದ ಮುಂಚೆ' ಅಂದ್ರಂತೆ. ಎರಡನೇ ಸಲ 'ಬೀಳೋ ಮೇಲೆ' ಅಂದ್ರಂತೆ. ಮೂರನೇ ಸಲ ಸರಿಯಾಗಿ ಹೇಳಿದ್ರಂತೆ, ಅದಕ್ಕೆ ಶಭಾಷ್ ಅಂದ್ರಂತೆ."

"ಆಫರೀನ್?" ಎಂದರು ಸೂಪರಿಂಟೆಂಡೆಂಟರು, ಕ್ಷೀಣವಾಗಿ.

"ಶಭಾಷ್ ಅಂತ."

ದೊಡ್ಡ ಸಿಸ್ಟರ್ ಬಕೆಟ್ಟನ್ನು ಕಾಲಲ್ಲೇ ಮಂಚದ ಕೆಳಗೆ ತಳ್ಳಿದರು.

"ವಯಸ್ಸಾದವರು ಬಂದ್ರೆ ಇಲ್ಲಿ ಪೂರ್ತಿ ತಪಾಸಣೆ ಮಾಡಿ ಕಳಿಸ್ತಾರೆ, ಬೇಜಾರಾಗದಿರಲಿ ಅಂತ ಒಬ್ಬ ವಿದ್ಯಾರ್ಥೀನೂ ಕೊಡ್ತಾರೆ ಅಂತ ಅಂದ್ಕೊಂಡಿದ್ರು ಅಪ್ಪ. ಕೊಳವೆ ನೋಡೋವರೆಗೂ ಖುಷಿಯಾಗೇ ಇದ್ರಂತೆ. ಪಾಠ ಹೇಳಿ ಬಹಳ ವರ್ಷ ಆಗಿತ್ತು."

ನೆರಳಪ್ಪ ಗೋಡೆಗೊರಗಿದ. ಬೆಳಗಿನಿಂದ ಹೊತ್ತಿದ್ದ ಭಯ ಇಳಿದ ಜಾಗದಲ್ಲಿ ದುಃಖ ಬಂದು ಕೂತಿತು. ಸಾಯುತ್ತಾರೇನೋ ಎಂದು ಜೀವ ಕೈಯಲ್ಲಿ ಹಿಡಿದು ಓಡಿದ್ದ. ಅವರು ಆರಾಮಾಗಿ ಮಲಗಿ ಅವನ ಕ್ರಿಯಾಪದ ತಿದ್ದುತ್ತಿದ್ದರು. ನಾಳೆಯಿಂದ ಕ್ಯಾಂಟೀನಿನಲ್ಲಿ ಯಾವ ಮುಖ ಹೊತ್ತು ನಿಲ್ಲುವುದು? ಮುದುಕರು ಅವನತ್ತಲೇ ನೋಡಿ, ಹೇಳು, ಇನ್ನೊಂದು ಹೇಳು ಎಂಬಂತೆ ಕೈಬೀಸುತ್ತಿದ್ದರು. ಅವನೊಳಗೆ ಏನೋ ಪಟ್ಟನೆ ಹರಿಯಿತು. ಹಿಂದುಮುಂದು ನೋಡದೆ ಬಾಯಿಗೆ ಬಂದದ್ದನ್ನು ಅವರ ಭಾಷೆಯಲ್ಲೇ ಅಂದುಬಿಟ್ಟ:

"ಗಬ್ಲ್ ಅಜ್ ಈಂಕೆ ಶೊಮಾ ಬಿಯಾಯೀದ್, ಮನ್ ಆದಮೆ ಖೊಶ್‌ಬಖ್ತೀ ಬೂದಮ್! ಬಾದ್ ಅಜ್ ಈಂಕೆ ಆಮದೀದ್, ಬದ್‌ಬಖ್ತ್ ಶೊದಮ್!"

ನೀವು ಬರುವ ಮುಂಚೆ ನಾನು ಸುಖವಾಗಿದ್ದೆ. ನೀವು ಬಂದ ಮೇಲೆ ಕೆಟ್ಟೆ.

ಮುದುಕರ ಕಣ್ಣು ತುಂಬಿಬಂತು. ಮಂಚದಿಂದ ಇಳಿದವರೇ ಬರಿಗಾಲಲ್ಲಿ ಬಂದು ನೆರಳಪ್ಪನನ್ನು ತಬ್ಬಿಕೊಂಡರು. ಎರಡು ಕೆನ್ನೆಗೂ ಮುತ್ತಿಟ್ಟರು. ಆಮೇಲೆ ಸೂಪರಿಂಟೆಂಡೆಂಟರ ಕಡೆ ತಿರುಗಿ ಗಂಭೀರವಾಗಿ ಒಂದು ಸಣ್ಣ ಭಾಷಣ ಮಾಡಿದರು. ಮಗಳು ಒಲ್ಲದ ಮನಸ್ಸಿನಿಂದಲೇ ಅದನ್ನು ಹೇಳಿದಳು.

"ಎರಡು ವಾಕ್ಯದಲ್ಲಿ ಒಂದೂ ತಪ್ಪಿಲ್ಲವಂತೆ. ಎಷ್ಟೋ ವರ್ಷ ಕಲಿತವರೂ ಇಲ್ಲೇ ಎಡವ್ತಾರಂತೆ. ಇವರಿಗೆ ನಮ್ಮ ಭಾಷೆ ಬಂತು, ಮೇಷ್ಟ್ರಾಗಿ ನಾನು ಮಾತು ಕೊಡ್ತೀನಿ, ಅಂತಿದಾರೆ. ಬೆಳಗಿನಿಂದ ಆಗಿದ್ದರ ಬಗ್ಗೆ ದೂರು ಕೊಡಲ್ಲವಂತೆ."

ದೂರಿಲ್ಲ ಎಂದ ಕೂಡಲೇ ಸೂಪರಿಂಟೆಂಡೆಂಟರಿಗೆ ಜೀವ ಬಂತು. "ಬಹಳ ಸಂತೋಷ, ಬಹಳ ಸಂತೋಷ! ಅಂದ ಹಾಗೆ ತಾವು ಯಾರಮ್ಮ? ಇಷ್ಟು ಹೊತ್ತು ಎಲ್ಲಿದ್ರಿ?"

"ನಿಮ್ಮ ಕೋಣೆ ಮುಂದೆ," ಎಂದಳು ಅವಳು. "ಆಸ್ಪತ್ರೆಗೆ ದುಭಾಷಿ ಬೇಕು ಅಂತ ನೀವೇ ಸಂದರ್ಶನಕ್ಕೆ ಕರೆದಿದ್ರಿ. ಪರ್ಶಿಯನ್ ಸೇರಿ ಐದು ಭಾಷೆ ಬರುತ್ತೆ ನನಗೆ. ಈಗ ಕರೀತಾರೆ, ಆಗ ಕರೀತಾರೆ ಅಂತ ಕುರ್ಚಿ ಬಿಟ್ಟು ಎದ್ದದ್ದೇ ಕಡಿಮೆ. ಒಂದು ಸಲ ಮಾತ್ರ ಬಂದು ನೋಡಿದೆ, ಬೆಂಚಿನಡಿ ಈ ಪೆನ್ನು ಸಿಕ್ತು, ಅಪ್ಪ ಇರ್ಲಿಲ್ಲ, ಅಡ್ಡಾಡೋಕೆ ಹೋಗಿರ್ತಾರೆ ಅಂದ್ಕೊಂಡೆ."

ನೆರಳಪ್ಪನ ಎದೆಯಲ್ಲಿ ದೀಪ ಹತ್ತಿದ ಹಾಗಾಯಿತು. ದುಭಾಷಿ! ಇವಳು ಬಂದರೆ ತಾನು ಮತ್ತೆ ನೆರಳಾಗಬಹುದು.

ಸೂಪರಿಂಟೆಂಡೆಂಟರು ಗಂಟಲು ಸರಿಮಾಡಿಕೊಂಡರು. "ಆ ಕೆಲಸಾನಾ... ಅದು ಹೊರಗಿನವರು ಬೇಕು ಅಂತ ಇದ್ದದ್ದು. ಈಗ ನಮ್ಮ ಮನೆಯವನೇ ಸಿಕ್ಕಿದಾನಲ್ಲಮ್ಮ. ನಿಮ್ಮ ತಂದೆಯವರೇ ಮಾತು ಕೊಟ್ರಲ್ಲ."

"ಸಾರ್!" ಎಂದು ನೆರಳಪ್ಪ ಮುನ್ನುಗ್ಗಿದ. "ಕಾಲಿಗೆ ಬೀಳ್ತೀನಿ ಸಾರ್, ಅವರಿಗೇ ಕೊಡಿ! ನನಗೆ ಬರೋದು ಅದೆರಡೇ ವಾಕ್ಯ! ಐದು ಭಾಷೆ ಅವರಿಗೆ!"

"ನೋಡಿದ್ರಾ," ಎಂದರು ಸೂಪರಿಂಟೆಂಡೆಂಟರು ಡಾಕ್ಟರುಗಳ ಕಡೆ ತಿರುಗಿ, "ಈಗಲೂ ಅದೇ ವಿನಯ. ನಾಳೆಯಿಂದ ಎಕ್ಸರೇ ಜೊತೆಗೆ ದುಭಾಷಿ ಕೆಲಸಾನೂ ನಿಂದೇ."

ಮಗಳು ಅಪ್ಪನ ಕೋಟಿನ ಗುಂಡಿ ಹಾಕುತ್ತಿದ್ದಳು. ಅಪ್ಪ ನಗುನಗುತ್ತ ಏನೋ ಕೇಳಿದರು. ಅವಳು ಮೆಲುದನಿಯಲ್ಲಿ ಹೇಳಿದಳು. ನಗು ಅವರ ಗಡ್ಡದಿಂದ ನಿಧಾನಕ್ಕೆ ಇಳಿದುಹೋಯಿತು. ನೆರಳಪ್ಪನನ್ನು ಒಮ್ಮೆ ನೋಡಿ, ನೆಲ ನೋಡಿದರು.

"ಅಮ್ಮಾ," ಎಂದ ನೆರಳಪ್ಪ. ಎರಡು ಹೆಜ್ಜೆ ಮುಂದೆ ಬಂದ.

"ಅಪ್ಪ ಒಂದು ಮಾತು ಕೇಳಿದ್ರು," ಎಂದಳು ಅವಳು. "'ನೀವು ಬಂದ ಮೇಲೆ ಕೆಟ್ಟೆ' ಅನ್ನೋ ಆ ವಾಕ್ಯ ನೀವು ಪಾಠಕ್ಕೆ ಅಂದದ್ದಾ, ನಿಜವಾಗಿ ಅಂದದ್ದಾ ಅಂತ."

"ನಿಜವಾಗೇ ಅಂದದ್ದು."

"ನಾನೂ ಅದನ್ನೇ ಹೇಳಿದೆ," ಎಂದು ಅಪ್ಪನ ತೋಳು ಹಿಡಿದು ಹೊರಟಳು.

ಅವರು ಕಾರಿಡಾರಿನ ತಿರುವು ದಾಟುವವರೆಗೂ ನೆರಳಪ್ಪ ನಿಂತ ಜಾಗದಲ್ಲೇ ನಿಂತಿದ್ದ. ಆಚೆ ಕಡೆಯಿಂದ ದೊಡ್ಡ ಸಿಸ್ಟರ್ ಏದುಸಿರು ಬಿಡುತ್ತ ಬಂದರು.

"ಇಲ್ಲಿದೀರಾ? ಬನ್ನಿ ಬನ್ನಿ, ಹೆರಿಗೆ ವಾರ್ಡಿಗೆ ಬನ್ನಿ. ಒಬ್ಬಳು ಬಂದಿದಾಳೆ, ಅವಳ ಮಾತು ಒಬ್ಬರಿಗೂ ಅರ್ಥ ಆಗ್ತಿಲ್ಲ."

"ಪರ್ಶಿಯನ್ನಾ ಸಿಸ್ಟರ್?"

"ಅಲ್ಲ ಅನ್ಸುತ್ತೆ," ಎಂದರು ದೊಡ್ಡ ಸಿಸ್ಟರ್, ಅವನ ರಟ್ಟೆ ಹಿಡಿದು ಎಳೆಯುತ್ತ. "ಆದ್ರೆ ನಿಮಗೆ ಬರುತ್ತೆ ಅಂತ ಹೇಳಿಬಿಟ್ಟಿದೀನಿ."